ಕರ್ನಾಟಕದಲ್ಲಿ ಅಕ್ಷರಾಭ್ಯಾಸ ಸಂಸ್ಕಾರವೂ ಶಾಲಾವರ್ಷದ ಆರಂಭವೂ

ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆಯುವ ಸಮಯದಲ್ಲಿ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಒಂದು ಚಿಕ್ಕ ಆಚರಣೆ ನಡೆಯುವುದುಂಟು. ದೇವರ ಮುಂದೆ ದೀಪವನ್ನು ಹಚ್ಚಿ, ಹೊಸ ಪುಸ್ತಕಗಳಿಗೆ ಅರಿಸಿನ ಕುಂಕುಮವನ್ನಿಟ್ಟು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳನ್ನು ಹಿಡಿದು ಹಿರಿಯರು ಶ್ರೀಕಾರವನ್ನು ಬರೆಯಿಸುತ್ತಾರೆ. ಹೊಸದಾಗಿ ಶಾಲೆಗೆ ಸೇರುವ ಮಗುವಿಗೆ ಇದು ಅಕ್ಷರಾಭ್ಯಾಸ. ಮೇಲಿನ ತರಗತಿಗಳಿಗೆ ಹೋಗುವ ಅಣ್ಣ ಅಕ್ಕಂದಿರಿಗೆ ಅದರ ವಾರ್ಷಿಕ ಸ್ಮರಣೆ. ನಮ್ಮ ಮನೆಯಲ್ಲಿ ಶಾಲೆ ತೆರೆಯುವ ಹಿಂದಿನ ಸಂಜೆ, ಯಾವ ತರಗತಿಯಲ್ಲಿದ್ದರೂ ಸರಿಯೆ, ಎಲ್ಲ ಮಕ್ಕಳೂ ಸಾಲಾಗಿ ಕುಳಿತು ಒಂದೇ ತಟ್ಟೆಯ ಅಕ್ಕಿಯಲ್ಲಿ ಒಂದೊಂದು ಶ್ರೀಕಾರವನ್ನು ಬರೆಯಬೇಕಾಗಿತ್ತು. ಮರುದಿನ ಆ ಅಕ್ಕಿಯಿಂದಲೇ ಪಾಯಸವಾಗುತ್ತಿತ್ತು. ಕಾಲೇಜಿಗೆ ಸೇರಿದ ವರ್ಷವೂ ನನಗೆ ವಿನಾಯಿತಿ ದೊರೆಯಲಿಲ್ಲ. ಇನ್ನು ಅನೇಕ ಮನೆತನಗಳಲ್ಲಿ ಈ ಕಾರ್ಯಕ್ಕೆ ವಿಜಯದಶಮಿಯೇ ನಿಶ್ಚಿತವಾದ ದಿನ.

ಇಂಥ ಆಚರಣೆಗಳ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ವೇದಕಾಲದಿಂದ ಅವಿಚ್ಛಿನ್ನವಾಗಿ ಬಂದ ಸಂಸ್ಕಾರವೆಂದು ಕೆಲವರು; ಆಧುನಿಕ ಶಾಲೆಗಳು ಬಂದ ಮೇಲೆ ಮನೆಮನೆಯವರು ಕಟ್ಟಿಕೊಂಡ ಹೊಸ ಪದ್ಧತಿಯೆಂದು ಕೆಲವರು. ಎರಡಕ್ಕೂ ಆಧಾರ ಸಾಲದು. ಲಭ್ಯವಿರುವ ಸಾಹಿತ್ಯ, ಶಾಸನ ಮತ್ತು ಸರ್ಕಾರಿ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಸಂಗತಿ ಗೋಚರವಾಗುತ್ತದೆ. ಇಂದು ಶಾಲೆಯ ಆರಂಭಕ್ಕೆ ಮುನ್ನುಡಿಯೆಂಬಂತೆ ತೋರುವ ಈ ಗೃಹಕೃತ್ಯವು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿಯೂ ಶಾಲೆಯ ಆರಂಭವೇ ಆಗಿತ್ತು. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಈ ಕ್ರಮ ಹೇಗೆ ತಿರುವುಮುರುವಾಯಿತು, ಅದರಿಂದ ಯಾರಿಗೆ ಲಾಭವಾಯಿತು, ಯಾರು ಹೊರಗುಳಿದರು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಪ್ರಾಚೀನತೆಯ ಮಾತು. ಗೃಹ್ಯಸೂತ್ರಗಳಲ್ಲಿ ಜಾತಕರ್ಮ, ನಾಮಕರಣ, ಅನ್ನಪ್ರಾಶನ, ಚೌಲ, ಉಪನಯನಗಳಿಗೆ ವಿಧಿಗಳಿವೆ. ಅಕ್ಷರಾರಂಭಕ್ಕೆ ಪ್ರತ್ಯೇಕವಾದ ಸಂಸ್ಕಾರವಿಲ್ಲ. ಇದು ಆಶ್ಚರ್ಯಕರವೇನಲ್ಲ. ವೇದಾಧ್ಯಯನವು ಕಿವಿಯ ವಿದ್ಯೆ; ಅದಕ್ಕೆ ಲಿಪಿಯ ಅಗತ್ಯವಿರಲಿಲ್ಲ. ಲಿಪಿಯೂ ಲೆಕ್ಕವೂ ವ್ಯವಹಾರದ ವಿದ್ಯೆಗಳಾಗಿ ಬೆಳೆದ ಮೇಲೆ ಅವುಗಳ ಆರಂಭಕ್ಕೂ ಒಂದು ಕಾಲವನ್ನು ಗೊತ್ತುಮಾಡಬೇಕಾಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಕುಮಾರನು ಚೌಲವಾದ ಮೇಲೆ ಲಿಪಿಯನ್ನೂ ಸಂಖ್ಯಾನವನ್ನೂ ಕಲಿಯತಕ್ಕದ್ದೆಂದು ಹೇಳಿದೆ. ಕಾಳಿದಾಸನ ರಘುವೂ ಅದೇ ಕ್ರಮದಲ್ಲಿ ಕಲಿಯುತ್ತಾನೆ. ಇವೆರಡರಲ್ಲಿಯೂ ಅಕ್ಷರಕಲಿಕೆ ಉಂಟು, ಅಕ್ಷರಾಭ್ಯಾಸವೆಂಬ ವಿಧಿ ಇಲ್ಲ.

ವಿಧಿಯೆಂಬ ರೂಪದಲ್ಲಿ ಈ ಕ್ರಿಯೆ ಸ್ಪಷ್ಟವಾಗಿ ಕಾಣುವ ಗ್ರಂಥಗಳಲ್ಲಿ ಮುಖ್ಯವಾದ ಒಂದು ಕರ್ನಾಟಕಕ್ಕೆ ಸೇರಿದ್ದು, ಮತ್ತು ಜೈನರದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನಿಗೆ ಗುರುಸ್ಥಾನದಲ್ಲಿದ್ದ ಜಿನಸೇನಾಚಾರ್ಯನು ೯ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ಗೃಹಸ್ಥರ ಕ್ರಿಯೆಗಳನ್ನು ಎಣಿಸುವಾಗ ಲಿಪಿಸಂಖ್ಯಾನವೆಂಬ ಕ್ರಿಯೆಯನ್ನು ಹೇಳಿ, ಅದನ್ನು ಮಗುವಿನ ಐದನೆಯ ವರ್ಷದಲ್ಲಿ ಮಾಡತಕ್ಕದ್ದೆಂದು ವಿಧಿಸುತ್ತಾನೆ. ಅವನು ಸೇರಿಸುವ ಎರಡು ಮಾತುಗಳು ಗಮನಾರ್ಹವಾಗಿವೆ. ಪೂಜೆಯ ಸಲಕರಣೆ ಅವರವರ ಶಕ್ತ್ಯನುಸಾರ ಇರಬೇಕು. ಉಪಾಧ್ಯಾಯನ ಸ್ಥಾನದಲ್ಲಿ ಇರತಕ್ಕವನು ಓದಿಕೊಂಡ ಗೃಹಸ್ಥನೇ ಆಗಿರಬೇಕು. ಮಠದ ಯತಿಯಾಗಲಿ ಬಸದಿಯ ಆಚಾರ್ಯನಾಗಲಿ ಅಲ್ಲ. ಮನೆಯಲ್ಲಿ, ಮನೆಯವರ ಶಕ್ತಿಗೆ ತಕ್ಕಂತೆ, ಮನೆವಾರ್ತೆಯುಳ್ಳ ಒಬ್ಬ ಮೇಷ್ಟ್ರು ನಡೆಯಿಸುವ ಕಾರ್ಯವೆಂಬ ಅದರ ಸ್ವರೂಪ ಸಾವಿರ ವರ್ಷಗಳ ಹಿಂದೆಯೇ ನಿರ್ಧಾರವಾಗಿದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಅದೇ ಗ್ರಂಥದಲ್ಲಿ ಈ ವಿಧಿಗೆ ಮೂಲವೆನ್ನಬಹುದಾದ ಒಂದು ಕಥೆಯೂ ಇದೆ. ಆದಿದೇವನು ತನ್ನ ಹೆಣ್ಣುಮಕ್ಕಳಾದ ಬ್ರಾಹ್ಮೀ ಮತ್ತು ಸುಂದರಿಯರನ್ನು ಹತ್ತಿರ ಕುಳ್ಳಿರಿಸಿಕೊಂಡು, ವಿಶಾಲವಾದ ಚಿನ್ನದ ಹಲಗೆಯಲ್ಲಿ ಶ್ರುತದೇವಿಯನ್ನು ಪೂಜಿಸಿ, ಎರಡು ಕೈಗಳಿಂದಲೂ ಬರೆದು, ಒಬ್ಬಳಿಗೆ ಅಕ್ಷರಮಾಲೆಯನ್ನೂ ಇನ್ನೊಬ್ಬಳಿಗೆ ಅಂಕಿಗಳನ್ನೂ ಉಪದೇಶಿಸಿದನೆಂಬುದು ಆ ಕಥೆ. ೯೪೧ರಲ್ಲಿ ಕನ್ನಡ ಆದಿಪುರಾಣವನ್ನು ಮುಗಿಸಿದ ಪಂಪನೂ ಈ ಪ್ರಸಂಗವನ್ನು ಬಿಟ್ಟಿಲ್ಲ. ಕನ್ನಡನಾಡಿನ ಸಾಹಿತ್ಯದಲ್ಲಿ ಅಕ್ಷರಾಭ್ಯಾಸದ ಅತ್ಯಂತ ಪ್ರಸಿದ್ಧವಾದ ಚಿತ್ರದಲ್ಲಿ ಕಲಿಯುವವರು ಹೆಣ್ಣುಮಕ್ಕಳು, ಕಲಿಸುವವನು ತಂದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಅಂಕಿ ಅಂಶಗಳ ಮಾತು ಬಂದಾಗ ಇದು ಬೇಕಾಗುತ್ತದೆ.

ಆದಿದೇವನ ಬಾಯಿಂದ ಹೊರಟ ಅಕ್ಷರಮಾಲೆಗೆ 'ಸಿದ್ಧಂ ನಮಃ' ಎಂಬುದು ಮಂಗಲವಾಗಿತ್ತೆಂದು ಜಿನಸೇನನು ಹೇಳುತ್ತಾನೆ. ಈ ಮಾತು ಜೈನರಿಗೆ ಮಾತ್ರ ಸೇರಿದ್ದಲ್ಲ. ೭ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತದಲ್ಲಿದ್ದ ಚೀನೀ ಯಾತ್ರಿಕ ಇತ್ಸಿಂಗನು, ಇಲ್ಲಿಯ ಮಕ್ಕಳು ಆರನೆಯ ವಯಸ್ಸಿನಲ್ಲಿ ಸಿದ್ಧಂ ಎಂಬ ಪಾಠವನ್ನು ಆರಂಭಿಸಿ ಆರು ತಿಂಗಳಲ್ಲಿ ಮುಗಿಸುತ್ತಾರೆಂದು ಬರೆದಿದ್ದಾನೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ, ೫ನೆಯ ಶತಮಾನದ್ದು, 'ಸಿದ್ಧಂ' ಎಂಬ ಮಾತಿನಿಂದಲೇ ತೊಡಗಿ ಕೂಡಲೆ ಶಿವನಿಗೆ ನಮಸ್ಕಾರವನ್ನು ಹೇಳುತ್ತದೆ. ಸ್ವಾರಸ್ಯವೇನೆಂದರೆ, ಮಯೂರಶರ್ಮನು ಗುರು ವೀರಶರ್ಮನೊಡನೆ ಓದಿಗಾಗಿ ಕಂಚಿಯ ಘಟಿಕೆಗೆ ಹೋದ ವೃತ್ತಾಂತವಿರುವುದೂ ಅದೇ ಶಾಸನದಲ್ಲಿಯೇ. ಮುಂದೆ ನಮ್ಮ ಹಳ್ಳಿಯ ಮಠಗಳಲ್ಲಿ ಮಕ್ಕಳಿಂದ ಹೇಳಿಸುತ್ತಿದ್ದ ಮೊದಲ ಪಾಠ 'ಓಂ ನಮಃ ಶಿವಾಯ ಸಿದ್ಧಂ ನಮಃ' ಎಂಬುದೇ ಆಗಿತ್ತು. ಅದರ ಮೊದಲ ಅಕ್ಷರಗಳು ಸವೆದು 'ಓನಾಮ' ಎಂಬ ಮಾತಾಗಿದೆ. 'ಶ್ರೀಕಾರ ಹಾಕು' ಎಂಬ ನುಡಿಗಟ್ಟು ಇಂದು ಯಾವ ಕೆಲಸದ ಆರಂಭಕ್ಕಾದರೂ ಸಲ್ಲುವಷ್ಟು ವ್ಯಾಪಕವಾಗಿದೆ. ಅಕ್ಷರಾಭ್ಯಾಸವನ್ನು ಕಣ್ಣಾರೆ ಕಾಣದವರೂ ಅದರ ಮಾತನ್ನು ಆಡುತ್ತಿದ್ದಾರೆ.

ಸಂಸ್ಕಾರಗಳಿಗೂ ವಿದ್ಯಾಸಂಸ್ಥೆಗಳಿಗೂ ಇದ್ದ ಹಣಕಾಸಿನ ಸಂಬಂಧವನ್ನು ಸಾಲೋಟಗಿಯ ಶಾಸನ ತೋರಿಸುತ್ತದೆ. ಈಗಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೆ ಸೇರಿದ ಈ ಗ್ರಾಮದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ವಿದ್ಯಾಶಾಲೆಯನ್ನು ಕಟ್ಟಿಸಿದನು. ಶಾಸನದ ಕಾಲ ೯೪೫. ಊರಿನವರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯಗಳಂತೆ ಶಾಲೆಗೆ ಕೊಡಬೇಕೆಂದು ಅದರಲ್ಲಿ ಗೊತ್ತುಮಾಡಿದೆ. ಮನೆಯ ಶುಭಕಾರ್ಯವು ಶಾಲೆಯ ಆದಾಯವೂ ಆಗಿತ್ತು. ಆ ಪಟ್ಟಿಯಲ್ಲಿ ಅಕ್ಷರಾಭ್ಯಾಸದ ಹೆಸರಿಲ್ಲ. ಅದು ಉನ್ನತ ವಿದ್ಯೆಯ ಸ್ಥಾನವಾಗಿದ್ದುದರಿಂದ ಚಿಕ್ಕ ಮಕ್ಕಳ ಕಾಣಿಕೆ ಅವರವರ ಉಪಾಧ್ಯಾಯರಿಗೇ ಸಲ್ಲುತ್ತಿದ್ದಿರಬೇಕೆಂದು ನನ್ನ ಊಹೆ. ಬಾಲಶಿಕ್ಷೆಯ ಉಪಾಧ್ಯಾಯರಿಗೆ ಪ್ರತ್ಯೇಕವಾಗಿ ದತ್ತಿ ಬಿಟ್ಟ ಶಾಸನಗಳು ನಮ್ಮಲ್ಲಿ ಇರುವುದು ಈ ಊಹೆಗೆ ಪೋಷಕವಾಗಿದೆ.

ಈಗ ದಿನದ ಪ್ರಶ್ನೆ. ವೈದಿಕ ಪಂಥದ ನಿಬಂಧಗಳಲ್ಲಿ ಅಪರಾರ್ಕನ ವ್ಯಾಖ್ಯಾನವೂ ಸ್ಮೃತಿಚಂದ್ರಿಕೆಯೂ ಮಾರ್ಕಂಡೇಯ ಪುರಾಣದ ವಚನವನ್ನು ಆಧಾರವಾಗಿಟ್ಟು ವಿದ್ಯಾರಂಭದ ಕಾಲವನ್ನು ಹೇಳುತ್ತವೆ. ಅವುಗಳ ಪ್ರಕಾರ ಐದನೆಯ ವರ್ಷದಲ್ಲಿ, ಕಾರ್ತಿಕ ಶುದ್ಧ ದ್ವಾದಶಿಯಿಂದ ಆಷಾಢ ಶುದ್ಧ ಏಕಾದಶಿಯವರೆಗಿನ ಕಾಲದಲ್ಲಿ, ನಿಷಿದ್ಧ ತಿಥಿ ವಾರಗಳನ್ನು ಬಿಟ್ಟು ಇದನ್ನು ಮಾಡಬೇಕು. ಎಂದರೆ ವಿಷ್ಣುವು ಯೋಗನಿದ್ರೆಯಲ್ಲಿರುವ ನಾಲ್ಕು ತಿಂಗಳು ವರ್ಜ್ಯ. ವಿಜಯದಶಮಿ ಬರುವುದು ಆಶ್ವಯುಜ ಮಾಸದಲ್ಲಿ, ಆ ವರ್ಜ್ಯ ಕಾಲದ ಒಳಗೇ! ಇಂದು ಸರ್ವಸಮ್ಮತವಾದ ಮುಹೂರ್ತವೆಂದು ನಾವು ತಿಳಿದಿರುವ ದಿನ ಈ ವಚನಕ್ಕೆ ಒಪ್ಪುವುದಿಲ್ಲ. ಇದಕ್ಕೆ ಪ್ರತಿಯಾಗಿ, ಸಂಪ್ರದಾಯಸ್ಥರು ಸರ್ಕಾರದ ಕಟ್ಟಳೆಯೆಂದು ಮೂಗುಮುರಿಯುವ ಜೂನ್ ತಿಂಗಳ ಮೊದಲ ವಾರ ಆಷಾಢ ಶುದ್ಧ ಏಕಾದಶಿಗೆ ಮುಂಚೆಯೇ ಬೀಳುವುದರಿಂದ ನಿಬಂಧಕಾರರ ಅವಧಿಗೆ ಒಳಪಟ್ಟಿದೆ. ಶಿಕ್ಷಣ ಇಲಾಖೆಯವರು ಸ್ಮೃತಿಚಂದ್ರಿಕೆಯನ್ನು ನೋಡಿ ದಿನವಿಟ್ಟರೆಂದು ಯಾರೂ ಹೇಳಲಾರರು.

ಹಾಗಾದರೆ ವಿಜಯದಶಮಿ ಎಲ್ಲಿಂದ ಬಂತು? ಶಾಸ್ತ್ರಕ್ಕಿಂತ ಕಸುಬಿನ ಕಡೆಯಿಂದ ಬಂದಿತೆಂದು ತೋರುತ್ತದೆ. ಮಹಾನವಮಿಯು ಆಯುಧಗಳ ಪೂಜೆಯ ಹಬ್ಬ. ವಿಜಯನಗರದಲ್ಲಿ ಅದರ ವೈಭವವನ್ನು ೧೬ನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿಗಳು ವರ್ಣಿಸಿದ್ದಾರೆ. ೧೬೧೦ರಲ್ಲಿ ರಾಜ ಒಡೆಯರು ಅದನ್ನು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಸೈನಿಕನಿಗೆ ಕತ್ತಿಯಂತೆ ರೈತನಿಗೆ ನೇಗಿಲು, ಬಡಗಿಗೆ ಉಳಿ, ಶ್ಯಾನುಭೋಗನಿಗೆ ಲೆಕ್ಕದ ಕಡತ, ಉಪಾಧ್ಯಾಯನಿಗೆ ಪುಸ್ತಕ. ಪೂಜೆಗೆ ಇಟ್ಟ ಉಪಕರಣವನ್ನು ದಶಮಿಯ ದಿನ ಮತ್ತೆ ಕೈಗೆ ತೆಗೆದುಕೊಳ್ಳುವುದು ವಾಡಿಕೆ. ಓದುಬರಹದ ಉಪಕರಣವನ್ನು ಮೊತ್ತಮೊದಲು ಕೈಗೆ ತೆಗೆದುಕೊಳ್ಳುವ ಮಗುವಿಗೂ ಅದೇ ದಿನ ಒದಗಿ ಬಂದಿತು. ಇದಲ್ಲದೆ ಹಳೆಯ ಮೈಸೂರಿನ ಕಡೆಯಲ್ಲಿ ಕೂಲಿಮಠದ ಹುಡುಗರು ಐಗಳೊಡನೆ ಮನೆಮನೆಗೆ ಹೋಗಿ ಮಹಾನವಮಿಯ ಚೌಪದಿಗಳನ್ನು ಹಾಡಿ ಕಾಣಿಕೆ ಪಡೆಯುತ್ತಿದ್ದರು. ಐಗಳಿಗೆ ವರ್ಷದ ಮುಖ್ಯ ಆದಾಯಗಳಲ್ಲಿ ಅದೊಂದು. ಮಠದ ಹುಡುಗರು ಊರಿನ ಪ್ರತಿ ಬಾಗಿಲಲ್ಲಿಯೂ ನಿಂತು ಹಾಡಿ ಹೋದ ಮರುದಿನ ಆ ಮನೆಯ ಐದು ವರ್ಷದ ಮಗುವನ್ನು ಮಠಕ್ಕೆ ಸೇರಿಸುವ ಮಾತು ಏಳುವುದು ಸ್ವಾಭಾವಿಕ.

ಈವರೆಗೆ ಹೇಳಿದ್ದು ಗ್ರಂಥಗಳ ಮತ್ತು ಊಹೆಯ ವಿಷಯ. ಸಾಮಾನ್ಯ ಜನರ ಮನೆಯಲ್ಲಿ ನಿಜವಾಗಿ ಏನು ನಡೆಯುತ್ತಿತ್ತೆಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷ್ಯ ಬೇಕು. ಅದು ನಮ್ಮ ಅದೃಷ್ಟದಿಂದ ಬಳ್ಳಾರಿ ಜಿಲ್ಲೆಗೆ ದೊರೆತಿದೆ. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಆಧಿಪತ್ಯದ ದೇಶೀಯ ಶಾಲೆಗಳನ್ನು ಕುರಿತು ವರದಿ ಮಾಡಬೇಕೆಂದು ಎಲ್ಲ ಕಲೆಕ್ಟರುಗಳಿಗೂ ಆಜ್ಞೆಮಾಡಿದನು. ಹಲವರು ಅಂಕಿಗಳ ಕೋಷ್ಟಕವನ್ನು ತುಂಬಿ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ಲನು ಮಾತ್ರ ೧೮೨೩ನೆಯ ಆಗಸ್ಟ್ ೧೭ರಂದು ಬರೆದ ಪತ್ರದಲ್ಲಿ ಮಗು ಶಾಲೆಗೆ ಸೇರುವ ಕ್ರಮವನ್ನೂ ವಿವರಿಸಿದನು. ಕನ್ನಡನಾಡಿನ ಅಕ್ಷರಾಭ್ಯಾಸಕ್ಕೆ ಸಂಬಂಧಿಸಿದಂತೆ ಇದಕ್ಕಿಂತ ಬೆಲೆಯುಳ್ಳ ದಾಖಲೆಯನ್ನು ನಾನು ಕಂಡಿಲ್ಲ.

ಅವನು ಹೇಳುವ ಸಂಗತಿ ಹೀಗಿದೆ. ಮಗುವಿಗೆ ಐದು ವರ್ಷ ತುಂಬಿದಾಗ ಅದು ಸೇರಬೇಕಾದ ಶಾಲೆಯ ಉಪಾಧ್ಯಾಯನನ್ನೂ ಅಲ್ಲಿಯ ಎಲ್ಲ ವಿದ್ಯಾರ್ಥಿಗಳನ್ನೂ ತಂದೆತಾಯಿಗಳು ಮನೆಗೆ ಆಮಂತ್ರಿಸುತ್ತಾರೆ. ಗಣೇಶನ ಪ್ರತಿಮೆಯ ಸುತ್ತಲೂ ಎಲ್ಲರೂ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ಮಗುವನ್ನು ಪ್ರತಿಮೆಗೆ ಸರಿಯಾಗಿ ಎದುರಿನಲ್ಲಿ ಕುಳ್ಳಿರಿಸಿ, ಪಕ್ಕದಲ್ಲಿ ಉಪಾಧ್ಯಾಯನು ಕುಳಿತು, ಧೂಪ ನೈವೇದ್ಯಗಳನ್ನು ಅರ್ಪಿಸಿ, ಬುದ್ಧಿಯನ್ನು ಬೇಡುವ ಪ್ರಾರ್ಥನೆಯನ್ನು ಮಗುವಿನಿಂದ ಹೇಳಿಸುತ್ತಾನೆ. ಬಳಿಕ ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ನಾಮಗಳನ್ನು ಬರೆಯಿಸುತ್ತಾನೆ. ತಂದೆತಾಯಿಗಳು ಯಥಾಶಕ್ತಿ ಕಾಣಿಕೆಯನ್ನು ಕೊಟ್ಟು ಅವನನ್ನು ಕಳುಹಿಸಿಕೊಡುತ್ತಾರೆ. ಮರುದಿನ ಬೆಳಗ್ಗೆ ಮಗುವಿನ ವಿದ್ಯಾಭ್ಯಾಸ ಮೊದಲಾಗುತ್ತದೆ.

ಅಕ್ಕಿ, ಬೆರಳು, ಯಥಾಶಕ್ತಿ ಕಾಣಿಕೆ ಇವು ನಮಗೆ ಪರಿಚಿತವೇ. ಪರಿಚಿತವಲ್ಲದ್ದು ಆ ವೃತ್ತ. ಶಾಲೆ ಇಡೀಯಾಗಿ ಎದ್ದು ಒಂದು ಮಗುವಿನ ಮನೆಗೆ ಬರುತ್ತದೆ. ನಾಳೆ ಯಾರ ನಡುವೆ ಕುಳಿತುಕೊಳ್ಳಬೇಕೋ ಅವರನ್ನೆಲ್ಲ ಮಗು ಇಂದು ತನ್ನ ಮನೆಯ ನಡುಮನೆಯಲ್ಲಿ, ತಾಯಿಯ ಎದುರಿನಲ್ಲಿ ಕಾಣುತ್ತದೆ. ಪ್ರವೇಶದ ಅರ್ಜಿ, ದಾಖಲಾತಿಯ ಪುಸ್ತಕ, ಶುಲ್ಕದ ರಸೀದಿ ಯಾವುದೂ ಇಲ್ಲದ ಆ ವ್ಯವಸ್ಥೆಯಲ್ಲಿ ಈ ಕೂಟವೇ ಪ್ರವೇಶ. ಎಷ್ಟು ಮಕ್ಕಳೋ ಅಷ್ಟು ಪ್ರವೇಶಗಳು. ಎಷ್ಟು ಪ್ರವೇಶಗಳೋ ಅಷ್ಟು ಆರಂಭದ ದಿನಗಳು. ಸಾಮೂಹಿಕವಾದ ಶಾಲಾವರ್ಷವೆಂಬುದು ಇರಲಿಲ್ಲ, ಇರುವ ಅವಶ್ಯಕತೆಯೂ ಇರಲಿಲ್ಲ. ಏಕೆಂದರೆ ಅಲ್ಲಿ ತರಗತಿಯೊಂದು ಒಟ್ಟಿಗೆ ಮುಂದೆ ಸಾಗುತ್ತಿರಲಿಲ್ಲ. ಮುಂದುವರಿದ ಹುಡುಗನು ಹಿಂದಿನವನಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ಲನು ಬಹುವಾಗಿ ಮೆಚ್ಚಿದ್ದಾನೆ. ಅದನ್ನು ಇಂಗ್ಲೆಂಡಿನವರು ಅನುಕರಿಸಿದ್ದು ಯೋಗ್ಯವೇ ಆಯಿತೆಂದೂ ಹೇಳಿದ್ದಾನೆ. ಮಗು ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಬರೆದು ಕಲಿಯುತ್ತಿತ್ತು. ಕೈ ಕುದುರಿದ ಮೇಲೆ ಓಲೆಗರಿ ಮತ್ತು ಕಂಟ, ಇಲ್ಲವೆ ಕಡತ ಮತ್ತು ಬಳಪ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಕೆಮಡಿಕೆಯಾಗಿ ಮಾಡಿದ ಈ ಕಡತವೇ ಆ ಕಾಲದ ಹಲಗೆ. ಅಕ್ಕಿಯಿಂದ ಮರಳಿಗೆ, ಮರಳಿನಿಂದ ಕಡತಕ್ಕೆ ಸಾಗುವ ಈ ದಾರಿಯಲ್ಲಿ ಮನೆಯ ಸಂಸ್ಕಾರ ಯಾವುದು, ಶಾಲೆಯ ಪಾಠ ಯಾವುದು ಎಂದು ಗೆರೆ ಎಳೆಯುವುದು ಕಷ್ಟ.

ದಿನದಿನದ ಆರಂಭಕ್ಕೂ ಅಲ್ಲಿ ಒಂದು ಕ್ರಮವಿತ್ತು. ಬೆಳಗಿನ ಆರು ಗಂಟೆಗೆ ತೆರೆಯುವ ಶಾಲೆಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬ ಅರ್ಥದಲ್ಲಿ. ಮೂರನೆಯವನಿಂದ ಮುಂದಕ್ಕೆ ಒಂದೊಂದಾಗಿ ಏರುತ್ತ ಹೋಗುವ ಏಟುಗಳು. ಹಿಂದಿನ ಶಾಲೆಗಳನ್ನು ಕೇವಲ ವಾತ್ಸಲ್ಯದ ತವರುಗಳೆಂದು ವರ್ಣಿಸುವವರು ಈ ಏಟುಗಳನ್ನೂ ಎಣಿಸಬೇಕು.

ಇದು ಬ್ರಾಹ್ಮಣರ ಮನೆಗಳ ಪದ್ಧತಿ ಮಾತ್ರವೇ? ಕ್ಯಾಂಪ್‌ಬೆಲ್ಲನು ಇದನ್ನು ಹಿಂದೂ ಬಾಲಕರ ಸಾಮಾನ್ಯ ಕ್ರಮವೆಂದೇ ಹೇಳಿದ್ದಾನೆ. ಅಂಕಿಗಳೂ ಅದಕ್ಕೆ ವಿರೋಧವಾಗಿಲ್ಲ. ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಭಾಗಗಳನ್ನೂ ಒಳಗೊಂಡಿದ್ದ ಆ ಬಳ್ಳಾರಿ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು: ಕನ್ನಡ ೨೩೫, ತೆಲುಗು ೨೨೬, ಮರಾಠಿ ೨೩, ಸಂಸ್ಕೃತ ೨೩, ಪಾರಸಿ ೨೧, ತಮಿಳು ೪, ಇಂಗ್ಲಿಷ್ ೧. ವಿದ್ಯಾರ್ಥಿಗಳು ಒಟ್ಟು ೬,೬೪೧. ಹಿಂದೂ ಬಾಲಕರಾದ ೬,೩೩೮ ಮಂದಿಯಲ್ಲಿ ಬ್ರಾಹ್ಮಣರು ೧,೧೮೫, ವೈಶ್ಯರು ೯೮೧, ಶೂದ್ರರು ೨,೯೯೮, ಇತರ ಜಾತಿಗಳವರೆಂದು ಬರೆದಿರುವವರು ೧,೧೭೪. ಆದುದರಿಂದ ಆ ವೃತ್ತದ ನಡುವೆ ಕುಳಿತು ಅಕ್ಕಿಯಲ್ಲಿ ಬರೆದ ಮಕ್ಕಳಲ್ಲಿ ಬಹುಪಾಲಿನವರು ಉಪನಯನವಿಲ್ಲದ ಮನೆಗಳವರು. ಇವರ ಪಾಲಿಗೆ ವಿದ್ಯೆಗೆ ಸಂಬಂಧಿಸಿದ ಏಕೈಕ ಸಂಸ್ಕಾರ ಅಕ್ಷರಾಭ್ಯಾಸವೇ. ಅದು ಇಷ್ಟು ದೃಢವಾಗಿ ಉಳಿದುಬಂದುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ವಿದ್ಯಾರ್ಥಿಗಳಲ್ಲಿ ಮುಸಲ್ಮಾನರು ೨೪೩ ಮಂದಿ. ಅವರ ಮನೆಗಳಲ್ಲಿಯೂ ಇದಕ್ಕೆ ಸಮಾನವಾದ ಶುಭಕಾರ್ಯವಿತ್ತು. ದಕ್ಷಿಣದ ಮುಸಲ್ಮಾನರ ಆಚಾರಗಳನ್ನು ಕುರಿತು ಜಾಫರ್ ಷರೀಫನು ಬರೆದು ಹರ್ಕ್ಲಾಟ್ಸನು ೧೮೩೨ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಖಾನೂನ್-ಎ-ಇಸ್ಲಾಂ' ಗ್ರಂಥದಲ್ಲಿ, ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ನಡೆಯುವ ಬಿಸ್ಮಿಲ್ಲಾ ಸಮಾರಂಭದ ವರ್ಣನೆಯಿದೆ. ಅಲ್ಲಿಯೂ ದಿನವನ್ನು ಗೊತ್ತುಮಾಡುವುದು ಮಗುವಿನ ವಯಸ್ಸು, ಶಾಲೆಯ ಪಂಚಾಂಗವಲ್ಲ.

ಉಳಿದದ್ದು ಹೆಣ್ಣುಮಕ್ಕಳ ಮಾತು. ಆ ೬,೬೪೧ರಲ್ಲಿ ಅವರು ೬೦. ಅವರಲ್ಲಿ ಬ್ರಾಹ್ಮಣರ ಹುಡುಗಿಯರು ಇಬ್ಬರು, ವೈಶ್ಯರ ಹುಡುಗಿ ಒಬ್ಬಳು. ಬ್ರಾಹ್ಮಿಗೂ ಸುಂದರಿಗೂ ತಂದೆ ಅಕ್ಷರವನ್ನೂ ಅಂಕಿಯನ್ನೂ ಕಲಿಸಿದ ಕಥೆಯನ್ನು ಸಾವಿರ ವರ್ಷ ಓದಿದ ನಾಡಿನಲ್ಲಿ ನೂರಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಹುಡುಗಿ. ಮನೆಯಲ್ಲಿ ಕಲಿತವರು ಕೆಲವರು ಇದ್ದಿರಬಹುದು. ಆದರೂ ಶಾಲೆಯವರು ವೃತ್ತವಾಗಿ ಕುಳಿತ ಆ ನಡುಮನೆಗಳಲ್ಲಿ ಅಕ್ಕಿಯನ್ನು ಆರಿಸಿ, ತಟ್ಟೆಯನ್ನು ಬೆಳಗಿ ತಂದಿಟ್ಟ ಹೆಂಗಸರಲ್ಲಿ ಬಹುಮಟ್ಟಿಗೆ ಯಾರೂ ಆ ಅಕ್ಕಿಯಲ್ಲಿ ಬರೆದವರಲ್ಲ. ನಮ್ಮ ಮನೆಯ ತಟ್ಟೆಯನ್ನು ಹಿಡಿದುಕೊಂಡಿರುತ್ತಿದ್ದವರು ನನ್ನ ತಂದೆಯ ತಾಯಿ. ಯಾರ ಶ್ರೀಕಾರದ ಕೊಂಬು ಸೊಟ್ಟಗಾಯಿತೆಂದು ಅವರು ಕೂಡಲೆ ಹೇಳಿಬಿಡುತ್ತಿದ್ದರು. ಅವರಿಗೆ ಗೊತ್ತಿದ್ದ ಅಕ್ಷರ ಅದೊಂದೇ ಎಂಬುದು ನನಗೆ ತಿಳಿದದ್ದು ನಾನು ಪ್ರೌಢಶಾಲೆಗೆ ಬಂದ ಮೇಲೆ, ಬ್ಯಾಂಕಿನ ಕಾಗದಕ್ಕೆ ಅವರು ಹೆಬ್ಬೆಟ್ಟು ಒತ್ತುವುದನ್ನು ನೋಡಿದಾಗ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ೧೮೮೧ರಷ್ಟು ಹಿಂದೆಯೇ ತೆರೆ‌ದಿದ್ದರೂ ಅದರ ಬೆಳಕು ಹಳ್ಳಿಯ ಅಡಿಗೆಮನೆಗಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು.

ಸರ್ಕಾರವು ಶಿಕ್ಷಣವನ್ನು ಕೈಗೆ ತೆಗೆದುಕೊಂಡಾಗ ಪರಿಸ್ಥಿತಿ ಬದಲಾಯಿತು. ೧೮೫೪ರ ವುಡ್ಡನ ನಿರೂಪದ ಬಳಿಕ ಮುಂಬಯಿ, ಮದ್ರಾಸು ಆಧಿಪತ್ಯಗಳಲ್ಲಿ ವಿದ್ಯಾ ಇಲಾಖೆಗಳು ಸ್ಥಾಪಿತವಾದವು. ಮೈಸೂರಿನಲ್ಲಿ ೧೮೫೭ರಲ್ಲಿ ಇಲಾಖೆ ಏರ್ಪಟ್ಟು, ೧೮೬೮ರಿಂದ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ತೆರೆದವು. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರ ಪರಿಶ್ರಮದಿಂದ ಕನ್ನಡ ಶಾಲೆಗಳು ಹೆಚ್ಚಿದವು. ಈ ಶಾಲೆಗಳಲ್ಲಿ ಮಕ್ಕಳನ್ನು ತರಗತಿಗಳಾಗಿ ವಿಂಗಡಿಸಿ, ಹಾಜರಿ ಪುಸ್ತಕವನ್ನಿಟ್ಟು, ವರ್ಷಕ್ಕೊಮ್ಮೆ ಪರೀಕ್ಷಿಸುತ್ತಿದ್ದರು. ತನಿಖಾಧಿಕಾರಿ ವರ್ಷಕ್ಕೊಮ್ಮೆ ಬರುವನೆಂದಾದರೆ ಪಾಠವೂ ವರ್ಷದ ಅಳತೆಗೆ ಒಗ್ಗಬೇಕು. ಪಾಠ ವರ್ಷಕ್ಕೆ ಒಗ್ಗಿದ ಮೇಲೆ ಮಗು ತನಗೆ ಐದು ತುಂಬಿದ ದಿನ ಬಂದು ಸೇರುವುದು ತೊಡಕಾಗುತ್ತದೆ. ಹೀಗೆ ಬೇಸಗೆಯ ರಜೆಯ ನಂತರದ ದಿನ ಕ್ರಮೇಣ ಎಲ್ಲರ ಆರಂಭವಾಯಿತು. ಮಳೆಗಾಲದ ಆರಂಭವೂ ಅದೇ ಆದುದರಿಂದ ಹೊಸ ಪುಸ್ತಕದ ವಾಸನೆಗೆ ಒದ್ದೆ ಕೊಡೆಯ ವಾಸನೆ ನಮ್ಮ ನೆನಪಿನಲ್ಲಿ ಬೆರೆತುಹೋಗಿದೆ. ಮನೆಗೆ ಬರುತ್ತಿದ್ದ ಶಾಲೆ ಬರುವುದನ್ನು ನಿಲ್ಲಿಸಿತು. ಸರ್ಕಾರಿ ಉಪಾಧ್ಯಾಯನಿಗೆ ಸಂಬಳವಿತ್ತು. ಅವನ ಜೀವನ ಅಕ್ಕಿಯ ಕಾಣಿಕೆಯನ್ನು ಅವಲಂಬಿಸಿರಲಿಲ್ಲ. ಅಕ್ಷರಾಭ್ಯಾಸವು ಪುರೋಹಿತನ, ಇಲ್ಲವೆ ಮನೆಯ ಹಿರಿಯರ ಕೈಗೆ ಬಂದಿತು.

ಈ ಬದಲಾವಣೆಯನ್ನು ನಷ್ಟವೆಂದು ಮಾತ್ರ ಲೆಕ್ಕಹಾಕುವವರು ಧಾರವಾಡದ ಒಂದು ಪ್ರಕರಣವನ್ನು ಗಮನಿಸಬೇಕು. ೧೮೫೬ನೆಯ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಒಬ್ಬ ಬಾಲಕನ ಪರವಾಗಿ ಮುಂಬಯಿ ಸರ್ಕಾರಕ್ಕೆ ಒಂದು ಮನವಿ ಹೋಯಿತು. ನಿಯಮಿತವಾದ ಶುಲ್ಕವನ್ನು ಕೊಡಲು ಸಿದ್ಧನಾಗಿದ್ದರೂ ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶವನ್ನು ನಿರಾಕರಿಸಿದ್ದಾರೆಂಬುದು ಅವನ ದೂರು. ಜುಲೈ ೨೧ರಂದು ಸರ್ಕಾರವು ಉತ್ತರವಿತ್ತಿತು. ನ್ಯಾಯ ಬಾಲಕನ ಕಡೆಗಿದೆಯೆಂಬುದನ್ನು ಆ ಉತ್ತರ ಅಲ್ಲಗಳೆಯಲಿಲ್ಲ. ಆದರೆ ಒಬ್ಬನಿಗಾಗಿ ಅವನನ್ನು ಉಳಿದವರ ನಡುವೆ ಕೂರಿಸಿದರೆ ಶಾಲೆಯೇ ಬಹುಜನರಿಗೆ ನಿರುಪಯುಕ್ತವಾಗುವ ಅಪಾಯವಿದೆಯೆಂದು ಹೇಳಿ ಮನವಿಯನ್ನು ತಳ್ಳಿಹಾಕಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮೇಲಿನ ಅಧಿಕಾರಿಗಳು ಈ ನಿರ್ಣಯವನ್ನು ಒಪ್ಪದೆ ಹೋದುದರಿಂದ, ಸಂಪೂರ್ಣವಾಗಿ ಸರ್ಕಾರದ ವೆಚ್ಚದಲ್ಲಿ ನಡೆಯುವ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರತಕ್ಕವೆಂಬ ತತ್ತ್ವವನ್ನು ೧೮೫೮ರಲ್ಲಿ ಘೋಷಿಸಲಾಯಿತು. ಘೋಷಣೆಗೂ ಆಚರಣೆಗೂ ನಡುವೆ ಉಳಿದ ಅಂತರವನ್ನು ಡಾ. ಅಂಬೇಡ್ಕರರು ಈ ಪ್ರಕರಣವನ್ನೇ ಉದಾಹರಿಸಿ ಮುಂದೆ ತೋರಿಸಿಕೊಟ್ಟರು.

ನಮ್ಮ ವಿಷಯಕ್ಕೆ ಇದರ ಸಂಬಂಧವೇನೆಂದು ಕೇಳಬಹುದು. ಬಳ್ಳಾರಿಯ ವೃತ್ತದಲ್ಲಿ ಪ್ರವೇಶವನ್ನು ನಿರ್ಣಯಿಸುತ್ತಿದ್ದುದು ಆಮಂತ್ರಣ. ಉಪಾಧ್ಯಾಯನು ಯಾರ ಮನೆಗೆ ಹೋಗಿ ಕುಳಿತುಕೊಳ್ಳಲು ಒಪ್ಪುತ್ತಾನೋ ಆ ಮನೆಯ ಮಗುವಿಗೆ ಮಾತ್ರ ಅಕ್ಷರ. ಅವನು ಕಾಲಿಡದ ಕೇರಿಯ ಮಗು ಯಾರಿಗೂ ದೂರು ಕೊಡುವಂತಿರಲಿಲ್ಲ. ಏಕೆಂದರೆ ಅಲ್ಲಿ ನಿರಾಕರಣೆ ಎಂಬುದೇ ನಡೆದಿರುತ್ತಿರಲಿಲ್ಲ, ಆಮಂತ್ರಣ ಇರಲಿಲ್ಲ ಅಷ್ಟೆ. ಧಾರವಾಡದ ಬಾಲಕನಿಗೆ ಶಾಲೆ ಬಾಗಿಲು ಮುಚ್ಚಿತು ನಿಜ. ಆದರೆ ಮುಚ್ಚಲು ಅಲ್ಲೊಂದು ಬಾಗಿಲಿತ್ತು, ಮನವಿ ಬರೆದುಕೊಳ್ಳಲು ಒಂದು ವಿಳಾಸವಿತ್ತು. ಎಲ್ಲರಿಗೂ ಒಂದೇ ದಿನ, ಒಂದೇ ಕಟ್ಟಡದಲ್ಲಿ ಆರಂಭವೆಂಬ ನಿಯಮದಿಂದ ಮನೆಯ ಮಮತೆ ಎಷ್ಟು ಕಳೆದಿರಲಿ, ಹೊರಗೆ ನಿಂತವನು ಕಣ್ಣಿಗೆ ಬೀಳುವಂತಾದದ್ದು ಅದರಿಂದಲೇ.

ಇಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ಸಂಸ್ಕಾರದ ಒಂದು ಕವಲು ಮನೆಯಿಂದ ದೇವಸ್ಥಾನಕ್ಕೆ ಹೋಗಿದೆ: ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿಯೂ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿಯೂ ದೂರದ ಊರುಗಳಿಂದ ಬಂದವರು ಮಕ್ಕಳಿಗೆ ಅಕ್ಷರಾಭ್ಯಾಸವನ್ನು ಮಾಡಿಸುತ್ತಾರೆ. ಇನ್ನೊಂದು ಕವಲು, ವಿಚಿತ್ರವಾದ ರೀತಿಯಲ್ಲಿ, ಶಾಲೆಗೇ ಹಿಂತಿರುಗಿದೆ. ಶಾಲೆಗಳು ತೆರೆಯುವಾಗ ಶಿಕ್ಷಣ ಇಲಾಖೆಯು ನಡೆಯಿಸುವ ಪ್ರಾರಂಭೋತ್ಸವದಲ್ಲಿ ಬಾಗಿಲಿಗೆ ತೋರಣ ಕಟ್ಟಿ, ಮಕ್ಕಳಿಗೆ ಹೂವು ಕೊಟ್ಟು, ಸಿಹಿ ಹಂಚಿ ಬರಮಾಡಿಕೊಳ್ಳುತ್ತಾರೆ. ಆಮಂತ್ರಿಸುವವರು ಈಗ ಉಪಾಧ್ಯಾಯರು. ಆಮಂತ್ರಿತರು ಮಗುವೂ ಅದರ ತಂದೆತಾಯಿಗಳೂ. ಕೆಲವು ಊರುಗಳಲ್ಲಿ ಹೊಸ ಮಕ್ಕಳನ್ನು ಅಕ್ಕಿಯ ತಟ್ಟೆಯ ಮುಂದೆ ಕುಳ್ಳಿರಿಸಿ ಬರೆಯಿಸುವುದನ್ನೂ ನಾನು ನೋಡಿದ್ದೇನೆ. ಸಾಲಿನಲ್ಲಿ ಹುಡುಗಿಯರು ಹುಡುಗರಷ್ಟೇ ಇದ್ದರು.

ಬಳ್ಳಾರಿಯ ಪತ್ರದಂಥ ಇನ್ನೊಂದು ಸರ್ಕಾರಿ ದಾಖಲೆ ದೊರೆಯುವ ಸಂಭವ ಕಡಿಮೆ. ಆದರೆ ಹಳೆಯ ಮನೆತನಗಳ ಖರ್ಚಿನ ಪುಸ್ತಕಗಳಲ್ಲಿ ಐಗಳಿಗೆ ಕೊಟ್ಟ ಧೋತ್ರ, ಎಲೆ ಅಡಿಕೆ, ಮಠದ ಹುಡುಗರಿಗೆ ಹಂಚಿದ ಕಡಲೆ ಬೆಲ್ಲ ಇವುಗಳ ಬಾಬತ್ತು ತಿಥಿಸಹಿತವಾಗಿ ನಮೂದಾಗಿರುವುದು ಸಹಜ. ಅಂಥ ಕಡತಗಳು ಇನ್ನೂ ಅಟ್ಟದ ಮೇಲೆ ಉಳಿದಿರುವ ಮನೆಗಳವರು ಅವುಗಳನ್ನು ಗುಜರಿಗೆ ಹಾಕುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದವರಿಗೆ ಒಮ್ಮೆ ತೋರಿಸಬೇಕೆಂದು ಕೋರುತ್ತೇನೆ. ತಿಥಿಗಳು ಆಶ್ವಯುಜ ಶುದ್ಧ ದಶಮಿಯ ಸುತ್ತ ಗುಂಪಾಗಿ ಬೀಳುತ್ತವೆಯೋ ವರ್ಷದುದ್ದಕ್ಕೂ ಚೆದರಿವೆಯೋ ಎಂಬುದನ್ನು ನೋಡಿದರೆ, ವಿಜಯದಶಮಿಯ ವಿಷಯದಲ್ಲಿ ಮೇಲೆ ನಾನು ಮಾಡಿರುವ ಊಹೆ ನಿಲ್ಲುವುದೋ ಬೀಳುವುದೋ ಗೊತ್ತಾದೀತು.